ಹಾಜರಿಯಲ್ಲಿಲ್ಲದ ಕೈ

ನಮ್ಮ ಮುತ್ಯಾ ಹೊಟೇಲಿನ ಹೊಸ್ತಿಲು ದಾಟಿದವನಲ್ಲ. ಹೊರಗೆ ನಿಂತು, ನಮ್ಮವರಿಗೆಂದೇ ಬೇರೆ ಇಟ್ಟ ಬಸಿಯಲ್ಲಿ ಚಹಾ ಕುಡಿದು, ತಾನೇ ತೊಳೆದಿಟ್ಟು ಬಂದವನು. ನಮ್ಮ ಅಣ್ಣ ಹೊಸ್ತಿಲು ದಾಟಿದ. ಮುಂದಿನ ಬಾಗಿಲಿನಿಂದ ಅಲ್ಲ, ಹಿಂದಿನ ಬಾಗಿಲಿನಿಂದ.

ಎಸ್ಸೆಸ್ಸೆಲ್ಸಿ ನಪಾಸಾಗಿ ತಿಕೋಟಾದಿಂದ ವಿಜಯಪುರಕ್ಕೆ ಹೋದವನು ಒಂದು ಹೊಟೇಲಿನಲ್ಲಿ ಮೊದಲು ತಾಟು ತೊಳೆದ, ಆಮೇಲೆ ಕಟ್ಟಿಗೆ ಒಡೆದ, ಕಡೆಗೆ ಭಜಿ ಕಡಾಯಿಯ ಮುಂದೆ ನಿಂತ. ಅಡ್ಡಹೆಸರು ಕೇಳಿದವರಿಗೆ ಊರ ಹೆಸರು ಹೇಳಿದ. ಅವನು ಕಳಿಸಿದ ರೊಕ್ಕದಲ್ಲೇ ನಾವು ಬಿ.ಎ. ಮುಗಿಸಿದೆವು. ನಮ್ಮ ಮನೆತನದ ಮೊದಲ ಡಿಗ್ರಿಗೆ ಕರಿದೆಣ್ಣೆಯ ವಾಸನೆ ಇದೆ.

2024ರ ಸಂಕ್ರಮಣ. ಸಿದ್ಧೇಶ್ವರ ಜಾತ್ರೆಯ ಗದ್ದಲ. ಎರಡು ರಾತ್ರಿ ಅಣ್ಣನಿಗೆ ನಿದ್ದೆ ಇಲ್ಲ. ಅಲುಗಾಡುವ ಒಲೆ ರಿಪೇರಿ ಮಾಡಿಸಿರೆಂದು ಮೊದಲೇ ಹೇಳಿದ್ದ. ಕಡಾಯಿ ವಾಲಿತು. ಬಲಗೈ ಮೊಣಕೈತನಕ ಬೆಂದುಹೋಯಿತು.

ಮಾಲಕ ಬೈಯಲಿಲ್ಲ. ತಾನೇ ರಿಕ್ಷಾ ಮಾಡಿ ಆಸ್ಪತ್ರೆಗೆ ಒಯ್ದ. ದಾರಿಯಲ್ಲಿ ಹೇಳಿದನಂತೆ: "ತಮ್ಮಾ, ಮನ್ಯಾಗ ಎಣ್ಣಿ ಚೆಲ್ಲೇತಿ ಅನ್ನು. ಕೇಸಾತಂದ್ರ ಹೊಟೇಲ ಮುಚ್ಚತೈತಿ. ಎಲ್ಲಾರ ಹೊಟ್ಟಿ ಮ್ಯಾಲ ಬಡದಂಗ ಆಕ್ಕತಿ." ಅಣ್ಣ ಹಾಗೇ ಅಂದ. ಆಸ್ಪತ್ರೆಯವರು ಹಾಗೇ ಬರೆದುಕೊಂಡರು. ಎಂಟು ದಿನಕ್ಕೆ ಮಾಲಕ ಕೈಯಲ್ಲಿ 3000 ರೂಪಾಯಿ ಇಟ್ಟು, 'ನನ್ನದೇನೂ ಬಾಕಿ ಇಲ್ಲ' ಎಂದು ಎಡಗೈಲೇ ಸಹಿ ಮಾಡಿಸಿಕೊಂಡ.

"ಸಾವ್ಕಾರ ಭಾಳ ಚಲೋ ಮನಷ್ಯಾ ಐದಾನ್ಯೋ" ಅಂದಳು ಅವ್ವ. ಡಿಗ್ರಿ ಪಡೆದ ನಾವೂ ಅವನಿಗೆ ಕೈಮುಗಿದೆವು. ಹಕ್ಕನ್ನು ದಾನವೆಂದು ಈಸಿಕೊಂಡ ಆ ನಾಚಿಕೆ ನಮ್ಮನ್ನು ಇನ್ನೂ ಸುಡುತ್ತದೆ.

ಕಾಯ್ದೆ ಓದಿದ್ದು ಆಮೇಲೆ. ದುಡಿಯುವಾಗ ಗಾಯವಾದರೆ ಮಾಲಕ ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮ ನಾಡಿಗೆ ಬಂದದ್ದು 1923ರಲ್ಲಿ. ನಮ್ಮ ಮುತ್ಯಾ ಹುಟ್ಟುವ ಮೊದಲೇ! ಅದರ ಲೆಕ್ಕ ಸರಳ. ತಿಂಗಳಿಗೆ 8000 ಪಗಾರದ ಅಣ್ಣ ಕೆಲಸ ಮಾಡಲಾಗದೆ ಕೂತಷ್ಟು ಕಾಲ, ಅರ್ಧ ತಿಂಗಳಿಗೊಮ್ಮೆ ಪಗಾರದ ಕಾಲುಭಾಗ, ಅಂದರೆ 2000 ರೂಪಾಯಿ ಬರಬೇಕು. ಅವನು ಕೂತದ್ದು ನಾಲ್ಕು ತಿಂಗಳು. ಔಷಧದ ಖರ್ಚು ಬೇರೆ. ಬೆರಳು ಕಾಯಂ ಮಡಚದಂತಾದರೆ, ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ನೋಡಿ ಕೊಡುವ ಇಡಿಗಂಟು ಬೇರೆ. ಪರಿಹಾರ ಬೇಡವೆಂದು ಬರೆಸಿಕೊಂಡ ಕಾಗದಕ್ಕೆ ಆ ಕಾಯ್ದೆಯಲ್ಲಿ ಬೆಲೆಯೇ ಇಲ್ಲ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಇ.ಎಸ್.ಐ. ಇದೆ. ಆರು ಮಂದಿಯ ನಮ್ಮಂಥ ಹೊಟೇಲಿಗೆ ಅದಿಲ್ಲ. ಅಲ್ಲಿ ಹೊಣೆ ನೇರವಾಗಿ ಮಾಲಕನದು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಮಾಲಕನ ಹೊಣೆ ಹೋಗಿಲ್ಲ.

ಇಷ್ಟೆಲ್ಲ ಓದಿಕೊಂಡು, ಎರಡು ವರ್ಷದ ಗಡುವು ಮುಗಿಯುವ ಮೊದಲೇ, ಎದೆಯುಬ್ಬಿಸಿ ವಕೀಲರ ಹತ್ತಿರ ಹೋದೆವು. ಅವರು ಕೇಳಿದ್ದು ಒಂದೇ ಮಾತು: "ಅಂವ ಅಲ್ಲೇ ದುಡೀತಿದ್ದ ಅನ್ನೂದಕ್ಕ ಏನೈತ್ರಿ ಪುರಾವೆ?"

ಏನೂ ಇರಲಿಲ್ಲ. ಪಗಾರ ಕೈಯಿಂದ ಕೈಗೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಆಸ್ಪತ್ರೆಯ ಕಾಗದ ಮನೆಯಲ್ಲಿ ಸುಟ್ಟಿತೆನ್ನುತ್ತದೆ. ಅವತ್ತು ತಿಳಿಯಿತು ನಮಗೆ: ಮುತ್ಯಾನನ್ನು ಹೊಟೇಲಿನೊಳಗೆ ಬಿಡಲಿಲ್ಲ, ಅಣ್ಣನನ್ನು ಒಳಗೆ ಬಿಟ್ಟರು, ಪುಸ್ತಕದೊಳಗೆ ಬಿಡಲಿಲ್ಲ. ಮುಟ್ಟಬಾರದವರಾಗಿದ್ದೆವು, ಈಗ ಬರೆಯಬಾರದವರಾಗಿದ್ದೇವೆ.

ಅದೇ ಹೊಟೇಲಿನಲ್ಲಿ ರೊಟ್ಟಿ ಬಡಿಯಲು ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವ ಒಬ್ಬ ತಾಯಿ ಇದ್ದಳು. ಗಂಡನಿಲ್ಲ, ಎರಡು ಮಕ್ಕಳು. ಸಾಕ್ಷಿ ಹೇಳೆಂದು ಕೇಳಲು ನಮಗೆ ಬಾಯಿಯೇ ಬರಲಿಲ್ಲ. ಅವಳೇ ಸೀರೆಯ ಸೆರಗು ಸರಿಸಿ, ಹಂಚು ತಾಗಿ ಕರಿಕಟ್ಟಿದ ಮುಂಗೈ ತೋರಿಸಿದಳು. "ನಾ ಬಂದ ಹೇಳತೀನಿ ತಮ್ಮಾ. ಎಣ್ಣಿ ಬಿದ್ದಾಗ ನೀರ ಸುರುವಿದಾಕಿ ನಾನ. ಕೆಲಸ ಹೋದ್ರ ಹೋಗ್ಲಿ."

ಕೆಲಸ ಹೋಯಿತು, ಮರುವಾರವೇ. ದಾವೆ ನಡೆದಿದೆ. ಗೆಲ್ಲುತ್ತೇವೋ ಇಲ್ಲವೋ, ಕೈಮುಗಿದ ನಮಗಿಂತ ಆ ಓದದ ತಾಯಿ ದೊಡ್ಡವಳಾದಳು. ಈಗ ಅವಳ ಮನೆಯ ಜೋಳದ ಚಿಂತೆಯೂ ನಮ್ಮದೇ.

ಗೆಳೆಯರೇ, ಖಾನಾವಳಿಯಲ್ಲಿ ಕೂತು ಕ್ರಾಂತಿಯ ಮಾತಾಡುವ ನಾವು ಒಳಗೆ ಯಾರ ಕೈ ಸುಡುತ್ತಿದೆಯೆಂದು ಎದ್ದು ನೋಡಿದ್ದೇವೆಯೇ? ದುಡಿಯುವ ತಮ್ಮಂದಿರಿಗೆ ಇಷ್ಟು ಹೇಳೋಣ: ಪಗಾರ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಸುಟ್ಟರೆ ಎಲ್ಲಿ ಸುಟ್ಟಿತೆಂದು ಆಸ್ಪತ್ರೆಯಲ್ಲಿ ನಿಜವನ್ನೇ ಬರೆಸಿ. ಜತೆಯವರ ಹೆಸರು, ಊರು ತಿಳಿದಿಟ್ಟುಕೊಳ್ಳಿ. ಹಳ್ಳಿಯ ಮಾಸ್ತರರೇ, ಶಾಲೆ ಬಿಟ್ಟ ಹುಡುಗರ ಹೆಸರು ಹಾಜರಿಯಿಂದ ಹೊಡೆದುಹಾಕುವ ಮೊದಲು, ಯಾರು ಯಾವ ಹೊಟೇಲಿಗೆ ದುಡಿಯಲು ಹೋದರೆಂದು ಇನ್ನೊಂದು ಪುಸ್ತಕದಲ್ಲಿ ಬರೆದಿಡಿ.

ತಿಕೋಟಾದಲ್ಲಿ ನಾವು ಅಂಥದೊಂದು ಪುಸ್ತಕ ಶುರು ಮಾಡಿದ್ದೇವೆ. ಮೊದಲ ಸಾಲಿನಲ್ಲಿ ಅಣ್ಣನ ಹೆಸರಿದೆ, ಅಡ್ಡಹೆಸರಿನ ಸಮೇತ.