ಬಾಗುವ ಸೇತುವೆ

ಹೊನ್ನಾವರದ ಶರಾವತಿ ಸೇತುವೆ ಬಾಗುತ್ತದೆಯೇ ಮಕ್ಕಳೇ? ನನ್ನ ಹಳೆಯ ನಿಕಾನ್ 43–86 ಮಿ.ಮೀ. ಜೂಮ್ ಲೆನ್ಸಿನಲ್ಲಿ ಬಾಗುತ್ತದೆ! 1963ರಲ್ಲಿ ಬಂದ ಈ ಮಾದರಿ ಕೆಟ್ಟದ್ದೆಂದೇ ಲೋಕಪ್ರಸಿದ್ಧ. ಚಿತ್ರದ ಅಂಚಿನ ನೇರ ಗೆರೆ 43ರಲ್ಲಿ ಪೀಪಾಯಿಯಂತೆ ಹೊರಗೆ ಉಬ್ಬುತ್ತದೆ. 86ಕ್ಕೆ ತಿರುಗಿಸಿದರೆ ಒಳಗೆ ಬಾಗುತ್ತದೆ. ಬ್ಯಾಂಕಿನ ಲೆಡ್ಜರಿನಲ್ಲಿ ಜೀವಮಾನವಿಡೀ ನೆಟ್ಟಗೆ ಗೆರೆ ಎಳೆದವನಿಗೆ ಇದು ಹಬ್ಬವೇ! ಕುಮಟೆಯಲ್ಲಿ 43ಕ್ಕಿಟ್ಟು, ಕಡಲಂಚನ್ನು ಚಿತ್ರದ ತಳಕ್ಕೆ ತಂದೆ, ತೊಟ್ಟಿಲಿನಂತೆ ಜೋತಿತು.

ಭಟ್ಕಳದ ಬಂದರಿನಲ್ಲಿ ಸಂಜೆಬಿಸಿಲಿಗೆ ಎದುರಾಗಿ ತೆಗೆದರೆ, ಲೆನ್ಸಿನೊಳಗಿನ ಗಾಜುಗಳ ನಡುವೆ ಬೆಳಕು ಪುಟಿದಾಡಿ ಗುಳ್ಳೆಗಳಾಗಿ ಮೂಡುತ್ತದೆ. ಹಿಂದೆ ಅಲ್ಲೇ ತೆಗೆದ ನನ್ನಾಕೆಯ ಚಿತ್ರದಲ್ಲಿ ಅಂಥದೊಂದು ಗುಳ್ಳೆ ಅವಳ ಭುಜದ ಮೇಲೆ ಕೂತಿದೆ. “ಫೋನಿನಲ್ಲಿ ಅಳಿಸಿಕೊಡಲಾ ಅಜ್ಜ?” ಎಂದಳು ಮೊಮ್ಮಗಳು. ಅಜ್ಜಿಯನ್ನು ಕಂಡವಳಲ್ಲ ಅವಳು. “ಇರಲಿ ಬಿಡು” ಎಂದೆ.