ಪಾರಿವಾಳಕ್ಕೊಂದು ಅರಮನೆ

ನಮ್ಮ ಮುಂಬಯಿಯವರಿಗೆ ಪಾರಿವಾಳ ಅಂದ್ರೆ ಕಿಟಕಿಗೆ ಬಲೆ ಹಾಕಿಸೋ ಖರ್ಚು, ಏಸಿ ಡಬ್ಬದ ಮೇಲಿನ ಹಿಕ್ಕೆ. ಮೂವತ್ತೈದು ವರ್ಷ ಇಲ್ಲಿದ್ದ ಮೇಲೆ ನನಗೂ ಆ ಹಕ್ಕಿಯ ಮೇಲೆ ಪ್ರೀತಿ ಉಳಿದಿಲ್ಲ. ಅಂಥವನಿಗೆ ಫ್ರಾನ್ಸಿನಲ್ಲಿರುವ ಮಗಳು ತೋರಿಸಿದ್ದು ಏನು ಗೊತ್ತಾ? ಪಾರಿವಾಳದ ಮನೆ!

ನಾರ್ಮಂಡಿಯಲ್ಲಿ, ದಿಯೆಪ್ ಬಂದರಿನ ಹತ್ತಿರದ ಹಳ್ಳಿಯಲ್ಲಿ, ಝಾನ್ ಆಂಗೋ ಎಂಬ ಹಡಗು ಸಾಹುಕಾರ 16ನೇ ಶತಮಾನದಲ್ಲಿ ಕಟ್ಟಿಸಿದ ಬಂಗಲೆ ಇದೆ. (ಪೋರ್ಚುಗೀಸರ ಹಡಗು ದೋಚಿಸಿದವನು, ಕೊನೆಗೆ ದಿವಾಳಿಯಾಗಿ 1551ರಲ್ಲಿ ಸತ್ತ.) ಅಂಗಳದಲ್ಲಿ ದುಂಡನೆಯ ಗೋಪುರ. ಇಟ್ಟಿಗೆ, ಚಕಮಕಿ ಕಲ್ಲು ಸೇರಿಸಿ ಇಳಕಲ್ ಸೀರೆಯ ಅಂಚಿನ ಹಾಗೆ ಕುಸುರಿ, ಮೇಲೊಂದು ಗುಮ್ಮಟ. ಒಳಗೋಡೆ ತುಂಬ 1600 ಗೂಡು. ಗೂಡಿಗೊಂದು ಜೋಡಿ ಅಂದ್ರೆ 3200 ಹಕ್ಕಿ..

ಇಂಥ ಗೋಪುರಗಳ ಬುದ್ಧಿವಂತಿಕೆ ಮೆಚ್ಚಬೇಕಾದ್ದೇ. ಇಲಿ ಹತ್ತದಂತೆ ಹೊರಗೋಡೆಗೆ ಸುತ್ತಲೂ ಚಾಚಿದ ಕಲ್ಲಿನ ಪಟ್ಟಿ. ಎಷ್ಟೋ ಕಡೆ ಒಳಗೆ ನಡುಗಂಬ, ಅದಕ್ಕೆ ತೋಳು, ತೋಳಿಗೆ ಏಣಿ. ಕಂಬ ತಿರುಗಿಸಿದರೆ ಏಣಿಯೂ ತಿರುಗುತ್ತದೆ, ಇಳಿಯದೆಯೇ ಗೂಡಿನಿಂದ ಗೂಡಿಗೆ ಹೋಗಬಹುದು. ಸುಮಾರು ನಾಲ್ಕು ವಾರದ, ಇನ್ನೂ ಹಾರದ ಮರಿಗಳು ದೊರೆಯ ಅಡುಗೆಮನೆಗೆ, ಹಿಕ್ಕೆ ಗೊಬ್ಬರಕ್ಕೆ.

ಎಲ್ಲಾ ಸರಿ, ಇಷ್ಟು ಹಕ್ಕಿಗೆ ಕಾಳು ಹಾಕೋರು ಯಾರು? ಅಲ್ಲೇ ಇರೋದು ವಿಷಯ. ಅವು ಹಾರಿಹೋಗಿ ಸುತ್ತಲಿನ ರೈತರ ಹೊಲದಲ್ಲಿ ತಿಂದು ಬರುತ್ತಿದ್ದವು. ಗೋಪುರ ಕಟ್ಟುವ ಹಕ್ಕು ಜಮೀನ್ದಾರಿಕೆಗೆ ಅಂಟಿದ್ದು. ರೈತ ಹಕ್ಕಿಯನ್ನು ಹೊಡೆಯುವಂತಿಲ್ಲ. ನಮ್ಮೂರಲ್ಲಿ ಜೋಳ ಹಾಲುಗಾಳಾದಾಗ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದವನು ನಾನು. ಬೆಳಗಿನ ಜಾವದಿಂದ ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತಿತ್ತು. ಆದರೂ ಕೈಯಲ್ಲಿ ಕಲ್ಲಾದರೂ ಇತ್ತಲ್ಲ! ಬಿತ್ತಿದವನು ಕೈಕಟ್ಟಿ ನೋಡುತ್ತಾ ನಿಲ್ಲೋದು ಹೇಗಿರುತ್ತೆ ಅಂತ ಆ ಗುಮ್ಮಟದ ಕೆಳಗೆ ನಿಂತಾಗ ಹೊಟ್ಟೆ ಉರಿಯಿತು.

1789ರಲ್ಲಿ ಫ್ರಾನ್ಸಿನ ಹಳ್ಳಿಗಳು ರಾಜನಿಗೆ ಬರೆದುಕೊಟ್ಟ ದೂರುಪಟ್ಟಿಗಳಲ್ಲಿ ಉಪ್ಪಿನ ತೆರಿಗೆಯ ಜೊತೆ ಪಾರಿವಾಳವೂ ಇತ್ತು. ಆ ಆಗಸ್ಟಿನಲ್ಲಿ ಊಳಿಗಮಾನ್ಯ ಹಕ್ಕುಗಳನ್ನು ರದ್ದು ಮಾಡಿದ ಶಾಸನದ ಎರಡನೇ ವಿಧಿಯೇ ಪಾರಿವಾಳದ್ದು. ಊರವರು ಗೊತ್ತುಮಾಡಿದ ಕಾಲದಲ್ಲಿ ಹಕ್ಕಿಗಳನ್ನು ಕೂಡಿಹಾಕಬೇಕು. ಆಗ ಹೊರಗೆ ಕಂಡರೆ ಅವು ಬೇಟೆಯ ಹಕ್ಕಿಗಳು, ತನ್ನ ನೆಲದಲ್ಲಿ ಯಾರು ಬೇಕಾದರೂ ಕೊಲ್ಲಬಹುದು. ಗೋಪುರಗಳನ್ನು ಕೆಡವಿ ಅಂತ ಮಾತ್ರ ಅದರಲ್ಲಿ ಹೇಳಿಲ್ಲ. ಆಂಗೋನದು ಈಗಲೂ ನಿಂತಿದೆ.