ಮೊಣಕೈ ತಟ್ಟುವ ಊರಿನಲ್ಲಿ

ಮೆಕ್ಸಿಕೊ ದೇಶದ ಈಶಾನ್ಯ ಭಾಗದ ಮೊಂತೆರ್ರೇ ನಗರದಲ್ಲಿ, ಹಳೆಯ ಮಾರುಕಟ್ಟೆಯೊಂದರ ಓಣಿಯಲ್ಲಿ ನಿಂತು, ನನ್ನ ಹೆಂಡತಿ ಒಂದು ಚರ್ಮದ ಪರ್ಸಿಗೆ ಚೌಕಾಸಿ ಮಾಡುತ್ತಿದ್ದಳು. ಅವಳಿಗೆ ಸ್ಪ್ಯಾನಿಷ್ ಬಾರದು, ಅಂಗಡಿಯವನಿಗೆ ಕನ್ನಡ ಬಾರದು. ಬೆರಳು ಮಡಿಸುತ್ತ ಬಿಡಿಸುತ್ತ ವ್ಯಾಪಾರ ನಡೆದಿತ್ತು. 300 ಪೆಸೊ ಎಂದದ್ದು 200ಕ್ಕೆ ಇಳಿದು 180ಕ್ಕೆ ಬಂದು ನಿಂತಿತು. ಇವಳು 150ಕ್ಕಿಂತ ಮೇಲೇರಲು ಸಿದ್ಧಳಿಲ್ಲ. ಆಗ ಅಂಗಡಿಯವನು ಪಕ್ಕದ ಅಂಗಡಿಯವನತ್ತ ತಿರುಗಿ ನಕ್ಕು, ಎಡಗೈಯನ್ನು ಮಡಿಸಿ, ಬಲ ಅಂಗೈಯಿಂದ ಮೊಣಕೈಯನ್ನು ಎರಡು ಸಲ ತಟ್ಟಿಕೊಂಡ.

"ಪಾಪ, ಕೀಲುನೋವು ಇರಬೇಕು ಕಣ್ರೀ" ಎಂದವಳೇ ಚೀಲದಿಂದ ಅಮೃತಾಂಜನದ ಡಬ್ಬಿ ತೆಗೆದು ಅವನ ಮುಂದೆ ಹಿಡಿದುಬಿಟ್ಟಳು. ಅವನು ಡಬ್ಬಿಯನ್ನು ಮೂಸಿ ನೋಡಿದ, ಕಣ್ಣಲ್ಲಿ ನೀರು ತಂದುಕೊಂಡ, ಏನೂ ತಿಳಿಯದೆ ಪರ್ಸನ್ನು 150ಕ್ಕೇ ಕೊಟ್ಟ.

ಇದು 2023ರ ಬೇಸಿಗೆ ರಜೆಯ ಮಾತು. ತಿಪಟೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಂಡಿರುವ ನಾನು ಅಷ್ಟು ದೂರ ಹೋಗಲು ಕಾರಣ ನನ್ನ ಮಗ. ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸದ ಮೇಲೆ ಅವನು ಆ ಊರು ಸೇರಿ ಒಂದೂವರೆ ವರ್ಷವಾಗಿತ್ತು. ಮೂರು ವಾರ ಇದ್ದು ಬನ್ನಿ ಎಂದು ಕರೆಸಿಕೊಂಡಿದ್ದ.

ಮೊಂತೆರ್ರೇ 1596ರಲ್ಲಿ ಸ್ಥಾಪನೆಯಾದ ಊರು. ಸುತ್ತಲೂ ಬೋಳು ಬೆಟ್ಟಗಳು. ಕುದುರೆಯ ಜೀನಿನಂತೆ ನಡುವೆ ತಗ್ಗಿದ ಸೆರ್ರೊ ದೆ ಲಾ ಸೀಯಾ ಬೆಟ್ಟ ಯಾವ ಬೀದಿಯಲ್ಲಿ ನಿಂತರೂ ಕಣ್ಣಿಗೆ ಬೀಳುತ್ತದೆ. ಊರ ನಡುವೆ ಸಾಂತಾ ಕತರೀನಾ ಎಂಬ ನದಿ. ನದಿ ಎಂದು ಹೇಳದಿದ್ದರೆ ನಾನು ಅದನ್ನು ಗೋಮಾಳ ಎಂದುಕೊಳ್ಳುತ್ತಿದ್ದೆ, ಅಷ್ಟು ಒಣಗಿರುತ್ತದೆ. ಅದೇ ನದಿ 2010ರ ಜುಲೈನಲ್ಲಿ ಅಲೆಕ್ಸ್ ಚಂಡಮಾರುತ ಬಂದಾಗ ಎರಡೂ ದಂಡೆಯ ರಸ್ತೆಗಳನ್ನು ಕಿತ್ತುಕೊಂಡು ಹೋಗಿತ್ತು. 2022ರಲ್ಲಿ ಇದಕ್ಕೆ ತದ್ವಿರುದ್ಧ. ಊರಿಗೆ ನೀರು ಕೊಡುವ ಸೆರ್ರೊ ಪ್ರಿಯೇತೊ ಜಲಾಶಯ ಬಹುತೇಕ ಬರಿದಾಗಿ, ದಿನಕ್ಕೆ ಕೆಲವೇ ಗಂಟೆ ನಲ್ಲಿಯಲ್ಲಿ ನೀರು ಬಂತು. ನಾವು ಹೋದಾಗಲೂ ಮಗನ ಮನೆಯ ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿದ್ದವು. ನನ್ನ ಹೆಂಡತಿಗೆ ಅದನ್ನು ನೋಡಿ ನಮ್ಮೂರಿಗೇ ಬಂದಂತಾಯಿತು.

ಸಂಜೆ ಮಗನಿಗೆ ಅಮೃತಾಂಜನದ ಪ್ರಸಂಗ ಹೇಳಿದೆವು. ನಗುತ್ತಾನೆಂದು ನಾವೆಣಿಸಿದ್ದರೆ, ಅವನ ಮುಖ ಸಪ್ಪಗಾಯಿತು.

"ಅವನಿಗೆ ನೋವೂ ಇಲ್ಲ, ಏನೂ ಇಲ್ಲ ಅಪ್ಪ. ಅಮ್ಮನ್ನ ಜುಗ್ಗಿ ಅಂದ, ಅಷ್ಟೆ. ಮೊಣಕೈಗೆ ಇಲ್ಲಿ 'ಕೋದೊ' ಅಂತಾರೆ. ಜಿಪುಣನಿಗೂ ಕೋದೊ ಅಂತಲೇ ಹೇಳ್ತಾರೆ. ಬಾಯಲ್ಲಿ ಹೇಳೋಕೆ ಆಗದಿದ್ದಾಗ ಮೊಣಕೈ ತಟ್ಟಿ ತೋರಿಸ್ತಾರೆ."

ಊಟವಾದ ಮೇಲೆ ಉಳಿದದ್ದನ್ನೂ ಹೇಳಿದ. ಆಫೀಸಿನವರೆಲ್ಲ ಶುಕ್ರವಾರ ಮಧ್ಯಾಹ್ನ ಹೊರಗೆ ಊಟಕ್ಕೆ ಹೋಗುವ ರೂಢಿ. ಇವನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ದು ತನ್ನ ಜಾಗದಲ್ಲೇ ತಿನ್ನುತ್ತಿದ್ದ. ತಂಗಿಯ ಇಂಜಿನಿಯರಿಂಗ್ ಫೀಸು, ಮನೆ ಸಾಲದ ಕಂತು, ಎಲ್ಲವೂ ಅವನ ತಲೆಯ ಮೇಲಿತ್ತು. ಒಂದು ದಿನ ಪಕ್ಕದಲ್ಲಿ ಕೂರುವ ಹುಡುಗ ನಗುತ್ತಲೇ ಇಂಗ್ಲಿಷಿನಲ್ಲಿ "ಯೂ ಆರ್ ಸೋ ಚೀಪ್" ಎಂದನಂತೆ. ಅಂದಿನಿಂದ ಎರಡು ತಿಂಗಳು ಇವನು ಆ ಹುಡುಗನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಲ್ಲ. "ನಾನು ಚೀಪಾ ಅಪ್ಪ?" ಎಂದು ಕೇಳಿದ. ಇಪ್ಪತ್ತೇಳು ವರ್ಷದ ಮಗ ಹಾಗೆ ಕೇಳಿದರೆ ತಂದೆಗೆ ಏನು ಹೇಳಲು ತೋಚುತ್ತದೆ? ಚಾಕ್‌ಪೀಸನ್ನು ಉಗುರು ಬೋರ್ಡಿಗೆ ತಾಗುವವರೆಗೂ ಬಳಸುವ ಮೇಷ್ಟರು ನಾನು. ನನ್ನ ಹಿಂದೆ ಹುಡುಗರು ಏನೆನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಡಬ್ಬಿಯ ಚಿತ್ರಾನ್ನ ಅವನು ನನ್ನಿಂದ ಕಲಿತದ್ದೇ.

ಕೆಳಗಿನ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು 'ಮಾಯೆಸ್ತ್ರೊ' ಎನ್ನುತ್ತಿದ್ದರು. ನಮ್ಮ 'ಮೇಷ್ಟ್ರು' ಬಂದದ್ದೂ ಅದೇ ಲ್ಯಾಟಿನ್ ಬೇರಿನಿಂದ ಎಂದು ತಿಳಿದಾಗ ಇಬ್ಬರಿಗೂ ನೆಂಟಸ್ತಿಕೆ ಸಿಕ್ಕಂತಾಯಿತು. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಫುಂದಿದೋರಾ ಉದ್ಯಾನಕ್ಕೆ ಹೋಗುತ್ತಿದ್ದೆವು. ಅದು ಮೊದಲು ಉಕ್ಕಿನ ಕಾರ್ಖಾನೆ. 1900ರಲ್ಲಿ ಸ್ಥಾಪನೆಯಾಗಿ 1986ರಲ್ಲಿ ಮುಚ್ಚಿತು. ಊದುಕುಲುಮೆಯನ್ನು ಕೆಡವದೆ ಮ್ಯೂಸಿಯಂ ಮಾಡಿದ್ದಾರೆ. ತುಕ್ಕು ಹಿಡಿದ ಆ ಗೋಪುರದ ನೆರಳಿನಲ್ಲಿ ಕುಳಿತು, ಇಬ್ಬರಿಗೂ ತಾಯಿನುಡಿಯಲ್ಲದ ಇಂಗ್ಲಿಷಿನಲ್ಲಿ, ಜಿಪುಣರ ವಿಚಾರ ಮಾತಾಡಿದೆವು.

ಮಾಯೆಸ್ತ್ರೊ ಬಳಿ ಒಂದು ನೋಟ್‌ಬುಕ್ ಇತ್ತು. ಬೇರೆ ಬೇರೆ ಸ್ಪ್ಯಾನಿಷ್ ನಾಡುಗಳ ಬೈಗುಳ, ತಮಾಷೆ ಮಾತು, ಅವಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕು ಎಂಬ ಟಿಪ್ಪಣಿ. ಜಿಪುಣನಿಗೇ ಮೂರು ಪುಟ ಮೀಸಲು. ಪುಸ್ತಕದ ಮಾತು 'ತಕಾನ್ಯೊ'. ಅದು ಎಲ್ಲ ಕಡೆಯೂ ನಡೆಯುತ್ತದೆ, ಇಂಗ್ಲಿಷಿನಲ್ಲಿ ಸ್ಟಿಂಜಿ ಎಂದರೆ ಮುಗಿಯಿತು. ಕಷ್ಟ ಇರುವುದು ಬೀದಿಯ ಮಾತುಗಳಲ್ಲಿ.

ಮೊಣಕೈಗೆ ಅವರು ಕೊಟ್ಟ ವಿವರಣೆ ಸರಳವಾಗಿತ್ತು: ಜಿಪುಣನ ತೋಳು ಮಡಿಚಿದ್ದು ಮಡಿಚಿಯೇ ಇರುತ್ತದೆ, ಕೊಡಲು ಚಾಚುವುದಿಲ್ಲ. 'ಮೊಣಕೈ ಗಟ್ಟಿ' ಎಂದೂ ಹೇಳುತ್ತಾರೆ. ನಾನು ಸುಮ್ಮನಿರಲಾರದೆ ನನ್ನ ಪಾಠ ಬಿಚ್ಚಿದೆ. ಮುಂಗೈ ಮೂರನೇ ವರ್ಗದ ಸನ್ನೆ, ಮೊಣಕೈ ಅದರ ಆಧಾರಬಿಂದು. ಮಡಿಸುವುದು ತೋಳಿನ ಮುಂಭಾಗದ ದ್ವಿಶಿರ ಸ್ನಾಯು, ಚಾಚಿಸುವುದು ಹಿಂಭಾಗದ ತ್ರಿಶಿರ ಸ್ನಾಯು. ಹಾಗಾಗಿ ಜಿಪುಣನಿಗೆ ಕೆಟ್ಟಿರುವುದು ತ್ರಿಶಿರ ಸ್ನಾಯು ಎಂದಾಯಿತು. ಮಾಯೆಸ್ತ್ರೊ ಅದನ್ನೂ ಬರೆದುಕೊಂಡರು.

ಈಗ 'ಕೋದೊ'ವನ್ನು ಇಂಗ್ಲಿಷಿಗೆ ತರುವುದು ಹೇಗೆ? ಎಲ್ಬೋ ಎಂದರೆ ಯಾರಿಗೂ ಅರ್ಥವಾಗದು. ಟೈಟ್-ಫಿಸ್ಟೆಡ್ ಎನ್ನಬಹುದು, ಆದರೆ ಅದು ಮುಷ್ಟಿಯ ಮಾತು. ಸ್ಪೇನ್ ದೇಶದವರಿಗೆ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಜಿಪುಣನನ್ನು 'ಮುಷ್ಟಿ ಮಾತೆಯ ಭಕ್ತ' ಎನ್ನುತ್ತಾರೆ. ಹಾಗೆಂದು ಯಾವ ಚರ್ಚಿನಲ್ಲೂ ಅಂಥ ಮಾತೆಯನ್ನು ಹುಡುಕಬೇಡಿ, ಅದು ಗೇಲಿಗಾಗಿ ಕಟ್ಟಿದ ಹೆಸರು. ಚಿಲಿಯಲ್ಲಿ 'ಮಾನೊ ದೆ ಗ್ವಾಗ್ವಾ' ಎನ್ನುತ್ತಾರೆ, ಎಂದರೆ ಹಸುಗೂಸಿನ ಕೈ. ಕೂಸಿನ ಮುಷ್ಟಿ ಬಿಡಿಸಲು ಹೋದವರಿಗೆ ಆ ಮಾತಿನ ಸೊಗಸು ತಿಳಿಯುತ್ತದೆ. ಆದರೆ ಕ್ಯೂಬಾದಲ್ಲಿ ಗ್ವಾಗ್ವಾ ಎಂದರೆ ಬಸ್ಸು! ನಿಘಂಟು ನೋಡಿ ಅನುವಾದ ಮಾಡುವವನು ಅಲ್ಲಿ ಬಸ್ಸಿಗೆ ಕೈ ಜೋಡಿಸಿಬಿಟ್ಟಾನು.

ಹೀಗೆ ಒಂದೇ ಭಾಷೆಯೊಳಗೇ ಹಳ್ಳಗಳಿವೆ. ಕೋಸ್ಟರೀಕಾದಲ್ಲಿ 'ಪಿಂಚೆ' ಎಂದರೆ ಜಿಪುಣ. ಸ್ಪೇನಿನಲ್ಲಿ ಅಡುಗೆಮನೆಯ ಕೈಯಾಳು. ಮೆಕ್ಸಿಕೊದಲ್ಲಿ ಹಿರಿಯರೆದುರು ಆಡಬಾರದ ಬೈಗುಳ. ಸ್ಪೇನಿನಲ್ಲಿ ಜಿಪುಣನನ್ನು 'ರಾತಾ' ಎಂದರೆ ಇಲಿ ಎಂದಂತೆ. ಇಂಗ್ಲಿಷಿನಲ್ಲಿ ರ‍್ಯಾಟ್ ಎಂದರೆ ದ್ರೋಹಿ ಎಂಬ ಅರ್ಥ ಬಂದು ಕೂರುತ್ತದೆ. ಅರ್ಜೆಂಟೀನಾದವರದು ಇನ್ನೂ ತಮಾಷೆ: ಅವನ ಜೇಬಿನಲ್ಲಿ ಮೊಸಳೆ ಇದೆ, ಕೈ ಹಾಕಲು ಹೆದರುತ್ತಾನೆ. ಇದೊಂದನ್ನು ಮಾತ್ರ ಶಬ್ದಕ್ಕೆ ಶಬ್ದ ಇಟ್ಟು ಹೇಳಿದರೂ ಯಾವ ಭಾಷೆಯವನಾದರೂ ನಗುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಮ್ಯಾಡ್ರಿಡ್ಡಿನ ಮಾತು. 'ಅಗರ್ರಾದೊ' ಎಂದರೆ ಬಿಗಿಯಾಗಿ ಹಿಡಿದವನು, ಹಾಗೆಯೇ ಜಿಪುಣ. ಚೊತಿಸ್ ಎಂಬುದು ಆ ಊರಿನ ಕುಣಿತ. ಜೋಡಿ ಒಬ್ಬರನ್ನೊಬ್ಬರು ಬಿಗಿಹಿಡಿದು ಒಂದೇ ಜಾಗದಲ್ಲಿ ತಿರುಗುತ್ತಾರೆ. ಆದ್ದರಿಂದ ಕಡು ಜಿಪುಣನನ್ನು 'ಚೊತಿಸ್‌ಗಿಂತ ಬಿಗಿ' ಎನ್ನುತ್ತಾರೆ. ಇಂಗ್ಲಿಷಿನ ಟೈಟ್ ಎಂಬ ಮಾತಿಗೂ ಈ ಎರಡು ಅರ್ಥ ಇರುವುದರಿಂದ ಶ್ಲೇಷೆ ಅರ್ಧ ಉಳಿಯುತ್ತದೆ. ಸ್ವಾರಸ್ಯವೆಂದರೆ, ಚೊತಿಸ್ ಎಂಬ ಹೆಸರು ಹುಟ್ಟಿದ್ದು 'ಸ್ಕಾಟ್ಲೆಂಡಿನದು' ಎಂಬರ್ಥದ ಜರ್ಮನ್ ಪದದಿಂದ. ಇಂಗ್ಲಿಷರು ಜಿಪುಣತನದ ನಗೆಹನಿಗಳನ್ನೆಲ್ಲ ಹೊರಿಸುವುದೂ ಸ್ಕಾಟ್ಲೆಂಡಿನವರ ಮೇಲೇ!

ಸ್ಪೇನಿನಲ್ಲಿ ಈ ಬಿರುದು ಕ್ಯಾಟಲೋನಿಯದವರಿಗೆ, ಮೆಕ್ಸಿಕೊದಲ್ಲಿ ಮೊಂತೆರ್ರೇಯವರಿಗೆ. ನಮ್ಮಲ್ಲಿ ಯಾವ ಊರಿನವರಿಗೆ ಎಂದು ನಾನು ಬರೆಯಲಾರೆ, ಮುಂದಿನ ವರ್ಗಾವಣೆ ಅಲ್ಲಿಗೇ ಆದರೆ ಕಷ್ಟ. ದುಡಿದು ಕೂಡಿಡುವವರನ್ನು ಕಂಡರೆ ಉಳಿದವರಿಗೆ ಹೀಗನ್ನಿಸುವುದು ಸಹಜವೇನೋ. "ಮಳೆ ಇಲ್ಲದ ನೆಲ, ಕೂಡಿಡದೆ ಇಲ್ಲಿ ಬದುಕಿದವರಿಲ್ಲ" ಎಂದರು ಮಾಯೆಸ್ತ್ರೊ. ಅಲ್ಲಿಯವರು ತಮ್ಮನ್ನು 'ಅಓರ್ರಾತೀವೊ', ಅಂದರೆ ಉಳಿತಾಯಗಾರ ಎಂದು ಕರೆದುಕೊಳ್ಳುತ್ತಾರೆ. ಉಳಿಸು ಎಂಬರ್ಥದ ಆ ಸ್ಪ್ಯಾನಿಷ್ ಕ್ರಿಯಾಪದದ ಮೂಲ, ಸ್ವತಂತ್ರ ಎಂಬರ್ಥದ ಅರಬ್ಬೀ ಪದ. ಹಿಂದೆ ಅದಕ್ಕೆ ಗುಲಾಮನನ್ನು ಬಿಡುಗಡೆ ಮಾಡು ಎಂಬ ಅರ್ಥವಿತ್ತು. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನಗೆ ಮಗನ ಸಾಲದ ಕಂತು ನೆನಪಾಗಿತ್ತು. ಇಂಗ್ಲಿಷಿನ ಮೈಸರ್ ಲ್ಯಾಟಿನ್ನಿನಲ್ಲಿ 'ದೀನ' ಎಂಬ ಮಾತು. ನಮ್ಮ ಸಂಸ್ಕೃತದ 'ಕೃಪಣ'ನೂ ಹಾಗೆಯೇ, ದೀನನೂ ಹೌದು, ಜಿಪುಣನೂ ಹೌದು. ಅಷ್ಟು ದೂರದ ಎರಡು ಭಾಷೆಗಳಿಗೆ ಹೊಳೆದದ್ದು ಒಂದೇ.

ನನ್ನ ಸರದಿ ಬಂತು. "ಎಂಜಲು ಕೈಯಲ್ಲಿ ಕಾಗೆ ಓಡಿಸದವನು" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಹೊರಟೆ. ಕಾಗೆ ಸುಲಭ, ಕೈ ಸುಲಭ. ಎಂಜಲು? ಉಂಡ ಕೈ, ತೊಳೆಯದ ಕೈ, ಅನ್ನದ ಅಗುಳು ಅಂಟಿದ ಕೈ ಎಂದೆಲ್ಲ ವಿವರಿಸಿ, ಬೀಸಿದರೆ ಅಗುಳು ಹಾರಿ ಕಾಗೆಯ ಪಾಲಾಗುತ್ತದೆಂಬ ಭಯ ಎಂದು ಮುಗಿಸುವಾಗ ಐದು ನಿಮಿಷ ಹಿಡಿಯಿತು. ಆರನೇ ನಿಮಿಷಕ್ಕೆ ಅವರು ನಕ್ಕರು. ಪ್ರತಿಯಾಗಿ, "ನಮ್ಮಲ್ಲಿ ಸಿಪ್ಪೆ ಎಸೆಯಬೇಕಾಗುತ್ತದೆಂದು ಬಾಳೆಹಣ್ಣನ್ನೇ ತಿನ್ನದವನಿದ್ದಾನೆ" ಎಂದರು.

ಸಮಯ ನೋಡಿ ಮಗನ ವಿಚಾರ ಎತ್ತಿದೆ. ಅವರು ನೋಟ್‌ಬುಕ್ಕಿನ ಒಂದು ಪುಟ ತೆರೆದು ತೋರಿಸಿದರು. ಹಿಂದೆ ಅವರು ಬ್ರಿಟಿಷ್ ಪಠ್ಯ ನೋಡಿ ಜಿಪುಣನಿಗೆ 'ಮೀನ್' ಎಂದು ಕಲಿಸಿದ್ದರಂತೆ. ಅವರ ವಿದ್ಯಾರ್ಥಿನಿಯೊಬ್ಬಳು ಗಡಿ ದಾಟಿ ಟೆಕ್ಸಾಸಿಗೆ ಹೋಗಿ "ನಮ್ಮ ಚಿಕ್ಕಪ್ಪ ಬಹಳ ಮೀನ್" ಎಂದಾಗ, ಮನೆಯವರು ಹೊಡೆಯುತ್ತಾರಾ ಎಂದು ಅಲ್ಲಿಯವರು ಗಾಬರಿಯಾದರು. ಅಮೆರಿಕದಲ್ಲಿ ಆ ಪದಕ್ಕೆ ಕ್ರೂರಿ ಎಂದರ್ಥ. ಅಂದಿನಿಂದ 'ಮೀನ್' ಹೊಡೆದು 'ಚೀಪ್' ಎಂದು ಬರೆದಿದ್ದರು. ಅಮೆರಿಕದವರು ಜಿಪುಣನಿಗೆ ಹೇಳುವುದೇ ಹಾಗೆ. ಟೆಕ್ಸಾಸ್ ಗಡಿ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರವಿರುವ ಊರಿನ ಹುಡುಗ ಬೇರೇನೆಂದಾನು?

ಆದರೆ ನಮ್ಮಲ್ಲಿ? "ಚೀಪಾಗಿ ಆಡಬೇಡ", "ಚೀಪ್ ಬುದ್ಧಿ" ಎಂದು ನಾವು ಹೇಳುವುದು ಕೀಳು ನಡತೆಗೆ. ಅವನು ತಮಾಷೆಯ ಕೋದೊವನ್ನು ಅಮೆರಿಕದ ಇಂಗ್ಲಿಷಿಗೆ ಸರಿಯಾಗಿಯೇ ತಂದಿದ್ದ. ನನ್ನ ಮಗ ಅದನ್ನು ತಿಪಟೂರಿನ ಇಂಗ್ಲಿಷಿನಲ್ಲಿ ಕೇಳಿಸಿಕೊಂಡಿದ್ದ. ಅರ್ಥ ತಪ್ಪಿರಲಿಲ್ಲ, ತೂಕ ತಪ್ಪಿತ್ತು. ಯಾರು, ಯಾರಿಗೆ, ಎಷ್ಟು ಸಲಿಗೆಯಿಂದ ಅಂದರು ಎಂಬುದನ್ನು ನಿಘಂಟು ಬರೆಯುವುದಿಲ್ಲ. ಕೋದೊಗೆ ಹತ್ತಿರದ್ದು ಇಂಗ್ಲಿಷಿನ 'ಶಾರ್ಟ್ ಆರ್ಮ್ಸ್, ಡೀಪ್ ಪಾಕೆಟ್ಸ್' ಇರಬಹುದು ಎಂದು ಇಬ್ಬರೂ ಕೊನೆಗೆ ತೀರ್ಮಾನಿಸಿದೆವು. ತೋಳು ಗಿಡ್ಡ, ಜೇಬು ಆಳ. ಕೈ ಹಣ ಮುಟ್ಟುವುದೇ ಇಲ್ಲ. ಅದರಲ್ಲಿ ತೋಳೂ ಉಳಿಯಿತು, ನಗುವೂ ಉಳಿಯಿತು.

ರಾತ್ರಿ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು "ಹೂಂ" ಎಂದನೇ ಹೊರತು ಮತ್ತೇನೂ ಹೇಳಲಿಲ್ಲ. ಬೇಗ ಒಪ್ಪಿಕೊಳ್ಳುವ ಸ್ವಭಾವ ಅವನದಲ್ಲ. ಅದೂ ಬಹುಶಃ ನನ್ನದೇ.

ಹೊರಡುವ ಹಿಂದಿನ ಭಾನುವಾರ ಆಫೀಸಿನವರು ಒಂದು ಮನೆಯ ಹಿತ್ತಲಲ್ಲಿ ಸೇರಿದರು. ಅಲ್ಲಿ ಭಾನುವಾರ ಎಂದರೆ ಕೆಂಡದ ಮೇಲೆ ಮಾಂಸ ಸುಡುವ ದಿನ. ನಮಗಾಗಿ ಮುಳ್ಳು ತೆಗೆದ ಪಾಪಾಸುಕಳ್ಳಿಯ ಎಲೆ, ಈರುಳ್ಳಿ, ಜೋಳದ ತೆನೆ ಸುಟ್ಟರು. ಕಳ್ಳಿ ತಿನ್ನಬಹುದೆಂದು ನನ್ನ ಹೆಂಡತಿ ನಂಬಲು ಅರ್ಧ ಗಂಟೆ ಬೇಕಾಯಿತು. ಅವಳು ಒಯ್ದ ಚಿತ್ರಾನ್ನ ಮೊದಲು ಖಾಲಿಯಾಯಿತು. ಖರ್ಚಿನ ಪಾಲು ಕೂಡಿಸುವ ಹೊತ್ತಿಗೆ ಒಂದು ಟೋಪಿ ಸುತ್ತ ಬಂತು. ಹಿಡಿದಿದ್ದವನು ಆ 'ಚೀಪ್' ಹುಡುಗನೇ. ನನ್ನ ಮಗ ಜೇಬಿಗೆ ಕೈ ಹಾಕಿ, ತಡೆದು, ಅವನನ್ನೇ ನೋಡುತ್ತ ನಿಧಾನವಾಗಿ ತನ್ನ ಮೊಣಕೈ ತಟ್ಟಿಕೊಂಡ. ಹಿತ್ತಲೆಲ್ಲ ಗೊಳ್ಳೆಂದಿತು. ಆಮೇಲೆ ಹಣ ಹಾಕಿದ. ಆ ಹುಡುಗ ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಸನ್ನೆಗಳ ಪಾಠಕ್ಕೆ ಮೊಣಕೈಯ ಕಥೆ ಸೇರಿಸಿದೆ. ಅದು ತಪ್ಪಾಯಿತೋ ಏನೋ. ಈಗ ನಾನು ನೆಲದಿಂದ ಚಾಕ್‌ಪೀಸಿನ ಚೂರು ಎತ್ತಿಕೊಂಡರೆ ಸಾಕು, ಹಿಂದಿನ ಬೆಂಚಿನಿಂದ ಟಪ್ ಟಪ್ ಎಂದು ಸದ್ದು ಬರುತ್ತದೆ.